ಮದುವೆ ಮಾಡಿಸುವವರ ತೆರಿಗೆ ಲೆಕ್ಕ: ಖಾತೆಗೆ ಬಂದ ರೊಕ್ಕದಲ್ಲಿ ನಿಮ್ಮದೆಷ್ಟು?

ತುಳಸಿ ಲಗ್ನ ಮುಗಿದರೆ ಸಾಕು, ಹುಬ್ಬಳ್ಳಿ-ಧಾರವಾಡದ ಇವೆಂಟ್‌ನವರಿಗೆ ಪುರುಸೊತ್ತೇ ಇರುವುದಿಲ್ಲ. ರಾತ್ರಿಯಿಡೀ ಗೋಕುಲ ರೋಡಿನ ಕಡೆ ಸ್ಟೇಜ್ ಕಟ್ಟುವುದು, ಬೆಳಗಾಗುವಷ್ಟರಲ್ಲಿ ಗದಗಿಗೆ ಹೋಗಿ ನಿಶ್ಚಯದ ಮನೆಗೆ ಹೂವು ಇಳಿಸುವುದು, ಸಂಜೆ ಹಾವೇರಿಯಲ್ಲಿ ರಿಸೆಪ್ಶನ್. ರೊಕ್ಕ ಬರುವುದೂ ಹೋಗುವುದೂ ಒಂದೇ ಫೋನಿನಿಂದ. ಇದು ನನ್ನ ಗಳಿಕೆ, ಇದು ಲೈಟಿಂಗ್‌ನವನಿಗೆ ಮುಟ್ಟಿಸಬೇಕಾದದ್ದು ಅಂತ ಬರೆದಿಡುವವರು ಕಮ್ಮಿ. ಆಮೇಲೆ ರಿಟರ್ನ್ ತುಂಬುವ ಹೊತ್ತಿಗೆ ಆಡಿಟರ್ ಮುಂದೆ ಕೂತು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವ್ಯಾವ ಖರ್ಚು ತೋರಿಸಬಹುದು?

ಅದಕ್ಕೆ ಉತ್ತರ ಕೊಡೋಣ. ಆದರೆ ಅದಕ್ಕಿಂತ ಮೊದಲು ಇತ್ಯರ್ಥ ಆಗಬೇಕಾದದ್ದು ಇನ್ನೊಂದಿದೆ. ನಿಮ್ಮ ಖಾತೆಗೆ ಬಂದ ದುಡ್ಡಿನಲ್ಲಿ ಎಷ್ಟು ನಿಮ್ಮ ಟರ್ನೋವರ್, ಅಂದರೆ ನಿಮ್ಮದೇ ವ್ಯಾಪಾರದ ಒಟ್ಟು ವಹಿವಾಟು? ಈ ಧಂದೆಯಲ್ಲಿ ತೆರಿಗೆಯ ಅರ್ಧ ತಲೆನೋವು ಹುಟ್ಟುವುದೇ ಇಲ್ಲಿಂದ.

ಒಂದು ಮದುವೆಯ ಲೆಕ್ಕ ಹಾಕೋಣ. ಪಾರ್ಟಿ ಜೊತೆ 6 ಲಕ್ಷಕ್ಕೆ ಮಾತಾಗಿದೆ. ಊಟದ ಜವಾಬ್ದಾರಿ ಮನೆಯವರದ್ದೇ. ನೀವು ಮಂಟಪದ ಡೆಕೋರೇಶನ್‌ಗೆ 1.5 ಲಕ್ಷ, ಫೋಟೊ-ವಿಡಿಯೊಗೆ 1.2 ಲಕ್ಷ, ಲೈಟಿಂಗ್ ಮತ್ತು ಸೌಂಡ್‌ಗೆ 80 ಸಾವಿರ, ಹೂವಿಗೆ 60 ಸಾವಿರ, ಕರಡಿ ಮಜಲು ವಾದ್ಯದವರಿಗೆ 25 ಸಾವಿರ, ಬೀಗರ ಸನ್ಮಾನದ ಏಲಕ್ಕಿ ಹಾರ, ಶಾಲು, ರುಮಾಲು ಎಲ್ಲ ಸೇರಿ 15 ಸಾವಿರ ಕೊಟ್ಟಿರಿ. ಒಟ್ಟು 4.5 ಲಕ್ಷ. ಉಳಿದದ್ದು 1.5 ಲಕ್ಷ. ಅದರಲ್ಲಿ ಹುಡುಗರ ಪಗಾರ 30 ಸಾವಿರ, ಟೆಂಪೊ 12 ಸಾವಿರ, ಪೆಟ್ರೋಲು, ಚಹಾ, ನಾಷ್ಟಾ ಅಂತ 8 ಸಾವಿರ ಹೋಯಿತು. ನಿಮಗೆ ನಿಜವಾಗಿ ದಕ್ಕಿದ್ದು 1 ಲಕ್ಷ.

ಇದನ್ನೇ ಮೂರು ರೀತಿಯಲ್ಲಿ ಮಾಡಬಹುದು. ಪೂರ್ತಿ 6 ಲಕ್ಷಕ್ಕೆ ನೀವೇ ಬಿಲ್ ಕೊಟ್ಟು, ಉಳಿದವರಿಗೆಲ್ಲ ನೀವೇ ಹಣ ಕೊಟ್ಟರೆ ಟರ್ನೋವರ್ 6 ಲಕ್ಷ. ಡೆಕೋರೇಶನ್‌ನವರು, ಫೋಟೊದವರು ನೇರವಾಗಿ ಮದುವೆ ಮನೆಯವರಿಗೇ ಬಿಲ್ ಕೊಟ್ಟು, ನೀವು ನಿಮ್ಮ ಕೆಲಸದ ಫೀ ಮಾತ್ರ ತೆಗೆದುಕೊಂಡರೆ ಟರ್ನೋವರ್ 1.5 ಲಕ್ಷ. ಇನ್ನು ಮೂರನೆಯದು ಎಲ್ಲರಿಗೂ ಗೊತ್ತಿದ್ದೂ ಯಾರೂ ಜೋರಾಗಿ ಹೇಳದೇ ಇರುವಂಥದ್ದು. ಮನೆಯವರಿಂದ ಸ್ವಲ್ಪ ಫೀ, ಫೋಟೊದವನಿಂದ, ಮಂಟಪದವನಿಂದ ಒಂದಷ್ಟು ಕಮಿಷನ್.

ಮೂರರಲ್ಲೂ ಕೈಗೆ ಬರುವ ಲಾಭ ಹೆಚ್ಚುಕಮ್ಮಿ ಅಷ್ಟೇ. ತೆರಿಗೆ ಕಾಯ್ದೆಯ ಕಣ್ಣಿಗೆ ಮಾತ್ರ ಮೂವರೂ ಬೇರೆ ಬೇರೆ ವ್ಯಾಪಾರಿಗಳು.

ಮೊದಲು ಜಿಎಸ್‌ಟಿ ನೋಡಿ. ಕರ್ನಾಟಕದಲ್ಲಿ ಸೇವೆ ಕೊಡುವವರ ಟರ್ನೋವರ್ ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಇಂಥ 10 ಮದುವೆ ಮಾಡಿಸಿದಿರಿ ಅಂದುಕೊಳ್ಳಿ. ಪೂರ್ತಿ ಬಿಲ್ ಕೊಡುವವರ ಟರ್ನೋವರ್ 60 ಲಕ್ಷ, ಫೀ ಮಾತ್ರ ತಗೊಳ್ಳುವವರದ್ದು 15 ಲಕ್ಷ. ಮೊದಲನೆಯವರು 18 ಪರ್ಸೆಂಟ್ ಜಿಎಸ್‌ಟಿ ಹಾಕಬೇಕು, ಅಂದರೆ 6 ಲಕ್ಷದ ಬಿಲ್ ಮೇಲೆ 1,08,000 ರೂಪಾಯಿ. ಮದುವೆ ಮನೆಯವರಿಗೆ ಅದರ ಕ್ರೆಡಿಟ್ (ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಸಿಗುವುದಿಲ್ಲ, ಪೂರ್ತಿ ಅವರ ಮೈಮೇಲೆ. ಚೌಕಾಶಿಗೆ ಕೂತಾಗ ಇದು ಸಣ್ಣ ಮಾತಲ್ಲ. ನೋಂದಣಿ ಆದವರು ಸಹ, ಮನೆಯವರ ಪರವಾಗಿ ಬರೀ ಹಣ ಮುಟ್ಟಿಸಿದ ಖರ್ಚನ್ನು ಜಿಎಸ್‌ಟಿ ಲೆಕ್ಕದಿಂದ ಹೊರಗೆ ಇಡಬಹುದು. ಅದಕ್ಕೆ ಷರತ್ತುಗಳಿವೆ. ಅವರ ಪರವಾಗಿ ಕೊಡುತ್ತೀರಿ ಅಂತ ಒಪ್ಪಂದದಲ್ಲೇ ಇರಬೇಕು, ಬಿಲ್‌ನಲ್ಲಿ ಅದು ಪ್ರತ್ಯೇಕವಾಗಿ ಕಾಣಬೇಕು, ಕೊಟ್ಟಷ್ಟೇ ವಸೂಲಿ ಮಾಡಿರಬೇಕು, ಒಂದು ರೂಪಾಯಿಯೂ ಮೇಲೆ ಇಟ್ಟಿರಬಾರದು.

ಹಾಗಂತ ಕೆಲಸ ಒಂದು ರೀತಿ ಮಾಡಿ ಕಾಗದ ಇನ್ನೊಂದು ರೀತಿ ಬರೆಯುವುದು ನಡೆಯುವುದಿಲ್ಲ. 6 ಲಕ್ಷವೂ ನಿಮ್ಮ ಖಾತೆಗೇ ಬಂದು, ಅಲ್ಲಿಂದಲೇ ಎಲ್ಲರಿಗೂ ಹೋಗಿದ್ದರೆ, ನಾನು ಬರೀ ಫೀ ತಗೊಂಡೆ ಅಂತ ವಾದಿಸುವುದು ಕಷ್ಟ. ಫೀ ಪದ್ಧತಿ ಬೇಕಿದ್ದರೆ ಬುಕ್ಕಿಂಗ್ ದಿನವೇ ಮನೆಯವರಿಗೆ ಹೇಳಿಬಿಡಿ: ಮಂಟಪದವರ ಅಡ್ವಾನ್ಸ್ ಮಂಟಪದವರಿಗೇ ಹಾಕಿ, ನನ್ನದು ನನಗೆ ಹಾಕಿ. ನಮ್ಮ ಕಡೆ ಮದುವೆಗೆ ಮೊದಲು ಎರಡೂ ಕಡೆಯ ಹಿರಿಯರು ಕೂತು ಯಾದಿ ಬರೆಯುತ್ತಾರಲ್ಲ, ಯಾವ ಖರ್ಚು ಯಾರದ್ದು ಅಂತ? ನಿಮ್ಮ ಮತ್ತು ಪಾರ್ಟಿ ನಡುವೆಯೂ ಅಂಥದ್ದೊಂದು ಇರಲಿ, ಸಹಿ ಸಮೇತ.

8 ಪರ್ಸೆಂಟ್, 6 ಪರ್ಸೆಂಟ್ ಕಥೆ

ಈಗ ಆದಾಯ ತೆರಿಗೆಗೆ ಬರೋಣ. ಆಡಿಟರ್‌ಗಳು ದಿನಕ್ಕೆ ಹತ್ತು ಸಲ ಹೇಳುವ 44ಎಡಿ, ಅಂದರೆ ಆದಾಯ ತೆರಿಗೆ ಕಾಯ್ದೆಯ ಒಂದು ವಿಭಾಗ, ಇರುವುದು ಸಣ್ಣ ವ್ಯಾಪಾರಿಗಳಿಗಾಗಿ. ಖರ್ಚಿನ ಲೆಕ್ಕವೇ ಬೇಡ, ಟರ್ನೋವರ್‌ನಲ್ಲಿ 8 ಪರ್ಸೆಂಟ್ ಲಾಭ ಅಂತ ತೋರಿಸಿ ಅನ್ನುತ್ತದೆ. ಬ್ಯಾಂಕ್, ಯುಪಿಐ ಮೂಲಕ ಬಂದ ಹಣಕ್ಕೆ 6 ಪರ್ಸೆಂಟ್ ಸಾಕು. ಟರ್ನೋವರ್ 2 ಕೋಟಿಯೊಳಗೆ ಇರಬೇಕು. ನಗದು 5 ಪರ್ಸೆಂಟ್ ಮೀರದಿದ್ದರೆ 3 ಕೋಟಿವರೆಗೂ ಅವಕಾಶ ಇದೆ. ವಕೀಲರು, ವೈದ್ಯರು, ಎಂಜಿನಿಯರ್‌ಗಳಂಥ ವೃತ್ತಿಯವರಿಗೆ ಇದು ಸಿಗುವುದಿಲ್ಲ, ಅವರಿಗೆ ಬೇರೆ ವಿಭಾಗ ಇದೆ. ಮದುವೆ ಕಾರ್ಯಕ್ರಮ ಮಾಡಿಸುವುದು ಆ ವೃತ್ತಿಗಳ ಪಟ್ಟಿಯಲ್ಲಿಲ್ಲ. ಹಾಗಾಗಿ ಅದನ್ನು ವ್ಯಾಪಾರ ಅಂತಲೇ ಲೆಕ್ಕ ಹಿಡಿಯುತ್ತಾರೆ.

ಆದರೆ ಕಮಿಷನ್, ದಲ್ಲಾಳಿ ಆದಾಯ ಇರುವವರಿಗೆ ಮತ್ತು ಏಜೆನ್ಸಿ ವ್ಯವಹಾರಕ್ಕೆ 44ಎಡಿ ಬಾಗಿಲು ಮುಚ್ಚಿದೆ. ಕಮಿಷನ್ ತಗೊಳ್ಳುವ ಮೂರನೇ ಪದ್ಧತಿಯ ಅಪಾಯ ಇರುವುದು ಇಲ್ಲೇ. ಫೋಟೊದವನಿಂದ ಬಂದ 10 ಸಾವಿರ ಕಮಿಷನ್ ನಿಮ್ಮ ಇಡೀ ವರ್ಷದ ರಿಟರ್ನ್‌ಗೆ ಪ್ರಶ್ನೆ ಎಬ್ಬಿಸಬಹುದು. ಅಂಥ ಆದಾಯ ಇದ್ದರೆ ಆಡಿಟರ್ ಹತ್ತಿರ ಮುಚ್ಚಿಡಬೇಡಿ. ಪುಸ್ತಕ ಬರೆದು, ನಿಜವಾದ ಖರ್ಚು ಕಳೆದು ರಿಟರ್ನ್ ತುಂಬುವುದೇ ಸರಿ.

44ಎಡಿ ಒಳಗೆ ಹೋದ ಮೇಲೆ ಖರ್ಚು ಅನ್ನುವ ಮಾತೇ ಮುಗಿಯಿತು. ಬಾಡಿಗೆ, ಪಗಾರ, ಪೆಟ್ರೋಲು, ಎಲ್‌ಇಡಿ ವಾಲ್‌ನ ಸವಕಳಿ (ಸಾಮಾನು ಹಳೆಯದಾದಂತೆ ವರ್ಷ ವರ್ಷ ಅದರ ಬೆಲೆಯಲ್ಲಿ ಕಳೆಯುವ ಭಾಗ) ಎಲ್ಲವನ್ನೂ ಕಾಯ್ದೆ ಆಗಲೇ ಕೊಟ್ಟಿದ್ದೇನೆ ಅನ್ನುತ್ತದೆ. ಮೇಲಿನಿಂದ ಇನ್ನೊಮ್ಮೆ ಕಳೆಯುವ ಹಾಗಿಲ್ಲ. ಮಳೆ ಬಂದು ಕಾರ್ಯಕ್ರಮ ಹಾಳಾಗಿ ನಷ್ಟವಾದರೂ ಅದಕ್ಕೆ ಕಾಣುವುದು 8 ಅಥವಾ 6 ಪರ್ಸೆಂಟ್ ಲಾಭ ಮಾತ್ರ. ಈ ವರ್ಷ ಬೇಡ ಅಂತ ಹೊರಗೆ ಬಂದರೆ ಮುಂದಿನ 5 ವರ್ಷ ವಾಪಸ್ ಬರುವಂತಿಲ್ಲ. ಆ ಸಮಯದಲ್ಲಿ ನಿಮ್ಮ ಆದಾಯವು ತೆರಿಗೆಯ ಮೂಲ ವಿನಾಯಿತಿ ಮಿತಿ ದಾಟಿದ್ದರೆ ಲೆಕ್ಕ ಪರಿಶೋಧನೆಯೂ ಬೇಕಾಗುತ್ತದೆ. ವರ್ಷಕ್ಕೊಮ್ಮೆ ಒಳಗೆ ಹೊರಗೆ ಓಡಾಡುವ ಜಾಗ ಅದಲ್ಲ.

ನಮ್ಮ ಮದುವೆಗೆ ವಾಪಸ್ ಬನ್ನಿ. ಎಲ್ಲ ಹಣವೂ ಬ್ಯಾಂಕಿನಿಂದಲೇ ಬಂದಿದೆ ಅಂದರೆ, ಪೂರ್ತಿ ಬಿಲ್ ಕೊಟ್ಟವರ ಲಾಭ ಕಾಗದದ ಮೇಲೆ 36 ಸಾವಿರ. ಫೀ ಮಾತ್ರ ತಗೊಂಡವರು 6 ಪರ್ಸೆಂಟ್ ಹಾಕಿದರೆ ಬರೀ 9 ಸಾವಿರ. ನಿಜವಾದ ಲಾಭ ಇಬ್ಬರದೂ 1 ಲಕ್ಷ! ಇಲ್ಲೇ ಹಲವರಿಗೆ ಆಸೆ ಹುಟ್ಟುವುದು. 9 ಸಾವಿರ ತೋರಿಸಿದರೆ ಸಾಕಲ್ವಾ?

ನನ್ನ ಅಭಿಪ್ರಾಯದಲ್ಲಿ ಈ ಕಸರತ್ತು ಸುಮ್ನೆ. ಯಾಕೆಂದರೆ 2025-26ರ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ (ನ್ಯೂ ರೆಜಿಮ್) 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ (ತೆರಿಗೆ ಮನ್ನಾ) ಕಳೆದು ತೆರಿಗೆಯೇ ಇಲ್ಲ. 10 ಮದುವೆಯಿಂದ 10 ಲಕ್ಷ ಲಾಭ ಬಂದಿದ್ದರೆ 10 ಲಕ್ಷ ಅಂತಲೇ ತೋರಿಸಿ, ತೆರಿಗೆ ಸೊನ್ನೆ. 44ಎಡಿಯಲ್ಲಿ ಇದ್ದುಕೊಂಡೇ 6 ಪರ್ಸೆಂಟ್‌ಗಿಂತ ಜಾಸ್ತಿ ಲಾಭ ತೋರಿಸಲು ಕಾಯ್ದೆಯ ಅಡ್ಡಿಯಿಲ್ಲ. ಕಮ್ಮಿ ತೋರಿಸಿ ಉಳಿಯುವುದೇನು? ಏನೂ ಇಲ್ಲ. ಕಳೆದುಕೊಳ್ಳುವುದು ಮಾತ್ರ ಇದೆ. ನಾಳೆ ನವನಗರದಲ್ಲಿ ಮನೆ ಕಟ್ಟಲು ಸಾಲ ಬೇಕೆಂದು ಬ್ಯಾಂಕಿಗೆ ಹೋದರೆ ಅವರು ಕೇಳುವುದು ಹಿಂದಿನ ವರ್ಷಗಳ ರಿಟರ್ನ್. ಅದರಲ್ಲಿ 90 ಸಾವಿರ ಆದಾಯ ಅಂತ ಇದ್ದರೆ ಸಾಲ ಎಲ್ಲಿಂದ ಹುಟ್ಟಬೇಕು? ಸಾಲವಿಲ್ಲದೆ ಕಾರು ಕೊಂಡರೆ, ಈ ರೊಕ್ಕ ಎಲ್ಲಿಂದ ಬಂತು ಅಂತ ಇಲಾಖೆ ಕೇಳುತ್ತದೆ.

ಹಾಗಾದರೆ ಖರ್ಚು ಬರೆದಿಡುವುದು ಯಾರಿಗೆ ಬೇಕು? ಲಾಭ 12 ಲಕ್ಷದ ಆಸುಪಾಸು ಅಥವಾ ಅದಕ್ಕಿಂತ ಮೇಲೆ ಇರುವವರಿಗೆ, ನಷ್ಟ ಆದವರಿಗೆ, ಕಮಿಷನ್ ಆದಾಯ ಇರುವವರಿಗೆ. 12 ಲಕ್ಷದ ಗಡಿಯಲ್ಲಿ ಒಂದು ವಿಚಿತ್ರ ಇದೆ. ಆದಾಯ 12.5 ಲಕ್ಷ ಆದರೆ ಸ್ಲ್ಯಾಬ್ ಪ್ರಕಾರ ತೆರಿಗೆ 67,500. ಆದರೆ 12 ಲಕ್ಷದ ಮೇಲೆ ಬಂದದ್ದೇ 50 ಸಾವಿರ, ಅದಕ್ಕಿಂತ ಹೆಚ್ಚು ತೆರಿಗೆ ಹಾಕಬಾರದು ಅಂತ ನಿಯಮ ಇದೆ. ಹಾಗಾಗಿ 50 ಸಾವಿರ ಮತ್ತು ಅದರ ಮೇಲೆ 4 ಪರ್ಸೆಂಟ್ ಸೆಸ್ ಕಟ್ಟಬೇಕು. ರಿಯಾಯಿತಿ ಅನ್ನಿಸುತ್ತದೆ ಅಲ್ವಾ? ಇನ್ನೊಂದು ಕಡೆಯಿಂದ ನೋಡಿ. 12 ಲಕ್ಷ ದಾಟಿದ ಮೊದಲ 70 ಸಾವಿರದಷ್ಟು ಆದಾಯ ಪೂರ್ತಿಯಾಗಿ ತೆರಿಗೆಗೇ ಹೋಗುತ್ತದೆ. ಈ 70 ಸಾವಿರದ ಅಂತರದೊಳಗೆ ಇರುವವರು ಟೆಂಪೊದವನ 10 ಸಾವಿರದ ಚೀಟಿ ಕಳೆದುಕೊಂಡರೆ, ಕಳೆದುಕೊಂಡದ್ದು 10,400 ರೂಪಾಯಿ. ಲಾಭ 14 ಲಕ್ಷ ಇರುವವರಿಗೆ ಅದೇ ಚೀಟಿಯ ಬೆಲೆ 1,560.

ಹಳೆ ಪದ್ಧತಿಯಲ್ಲಿ ಎಲ್‌ಐಸಿ, ಪಿಪಿಎಫ್‌ಗೆ 1.5 ಲಕ್ಷ, ಆರೋಗ್ಯ ವಿಮೆಗೆ 25 ಸಾವಿರ ಅಂತೆಲ್ಲ ಕಳೆಯಬಹುದು, ಹೊಸದರಲ್ಲಿ ಅವಿಲ್ಲ. ಆದರೆ ವ್ಯಾಪಾರದ ಖರ್ಚು ಎರಡರಲ್ಲೂ ಕಳೆಯುತ್ತದೆ. ಈ ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳುವವರು ಬಹಳ. ವ್ಯಾಪಾರದ ಆದಾಯ ಇರುವವರು ಹಳೆ ಪದ್ಧತಿಗೆ ಹೋಗಿ ಮತ್ತೆ ಹೊಸದಕ್ಕೆ ಬಂದರೆ, ಮತ್ತೊಮ್ಮೆ ಹಳೆಯದಕ್ಕೆ ಹೋಗುವ ಅವಕಾಶ ಇರುವುದಿಲ್ಲ. ಸಂಬಳದಾರರಿಗೆ ಸಿಗುವ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ನಿಮಗಿಲ್ಲ.

ಯಾವುದು ಖರ್ಚು, ಯಾವುದು ಅಲ್ಲ

ನಿಯಮ ಒಂದೇ ಸಾಲಿನದ್ದು. ಖರ್ಚು ಪೂರ್ತಿಯಾಗಿ ವ್ಯಾಪಾರಕ್ಕಾಗಿಯೇ ಆಗಿರಬೇಕು, ಸ್ವಂತದ್ದಾಗಿರಬಾರದು, ಕಾನೂನು ಮೀರಿದ್ದಾಗಿರಬಾರದು. ಮಂಟಪ, ಹೂವು, ಸೌಂಡ್, ಹುಡುಗರ ಪಗಾರ, ಟೆಂಪೊ ಬಾಡಿಗೆ, ಇನ್‌ಸ್ಟಾಗ್ರಾಂ ಜಾಹೀರಾತು, ಗದಗಿನ ಪ್ರೆಸ್‌ನಲ್ಲಿ ಹೊಡೆಸಿದ ವಿಸಿಟಿಂಗ್ ಕಾರ್ಡು, ಆಡಿಟರ್ ಫೀ, ಪಾಲಿಕೆಯ ಟ್ರೇಡ್ ಲೈಸೆನ್ಸ್, ಇವುಗಳ ಬಗ್ಗೆ ತಕರಾರಿಲ್ಲ. ತಕರಾರು ಬರುವುದು ಅಂಚಿನಲ್ಲಿ.

ಧ್ವನಿವರ್ಧಕದ ಪರವಾನಗಿಗೆ ಕಟ್ಟಿದ ಶುಲ್ಕ ಖರ್ಚು. ರಾತ್ರಿ 10ರ ಮೇಲೂ ಡಿಜೆ ಹಚ್ಚಿ ಬಿದ್ದ ದಂಡ ಖರ್ಚಲ್ಲ. ಆ ದಂಡ ತಪ್ಪಿಸಲು ಕೊಟ್ಟ ಮಾಮೂಲಿಯಂತೂ ಅಲ್ಲವೇ ಅಲ್ಲ. ನಿಮ್ಮ ಹುಡುಗರಿಗೆ ಹೆಸರು ಅಚ್ಚು ಹಾಕಿಸಿ ಹೊಲಿಸಿದ ಟೀ ಶರ್ಟ್ ಖರ್ಚು. ಮದುವೆಯಲ್ಲಿ ಚೆಂದ ಕಾಣಲಿ ಅಂತ ನೀವು ಕೊಂಡ ಇಳಕಲ್ ಸೀರೆ ನಿಮ್ಮ ಸ್ವಂತದ್ದು, ಅದನ್ನು ನಾಳೆ ನಿಮ್ಮ ಅಕ್ಕನ ಮನೆ ಕಾರ್ಯಕ್ಕೂ ಉಡುತ್ತೀರಲ್ಲ. ದೀಪಾವಳಿಗೆ ಕಾಯಂ ಗಿರಾಕಿಗಳಿಗೆ, ಮಂಟಪದವರಿಗೆ ಕಳಿಸಿದ ಧಾರವಾಡ ಪೇಡೆ ವ್ಯಾಪಾರದ ಖರ್ಚು, ಬೀಗರ ಮನೆಗೆ ಕಳಿಸಿದ ಬಾಕ್ಸ್ ಅಲ್ಲ. ಓಣಿಯ ಗಣಪತಿಗೆ ಕೊಟ್ಟ ವರ್ಗಣಿ ಭಕ್ತಿಯ ಲೆಕ್ಕಕ್ಕೆ. ಅದೇ ಪೆಂಡಾಲಿನಲ್ಲಿ ನಿಮ್ಮ ಇವೆಂಟ್ ಸಂಸ್ಥೆಯ ಬ್ಯಾನರ್ ಕಟ್ಟಿಸಿ, ಅದಕ್ಕೆ ರಸೀದಿ ಪಡೆದರೆ ಜಾಹೀರಾತು ಅನ್ನಬಹುದು.

ಮನೆಯ ಒಂದು ಕೋಣೆಯೇ ಆಫೀಸಾಗಿದ್ದರೆ ಮನೆ ಬಾಡಿಗೆ, ಕರೆಂಟ್ ಬಿಲ್‌ನಲ್ಲಿ ಆ ಕೋಣೆಯ ಪಾಲು ಹಿಡಿಯಿರಿ. ಕಾರು, ಫೋನಿಗೂ ಹಾಗೇ. ಮಕ್ಕಳನ್ನು ಸ್ಕೂಲಿಗೆ ಬಿಡುವ ಕಾರಿನ ಪೆಟ್ರೋಲನ್ನು ನೂರಕ್ಕೆ ನೂರು ಬರೆದರೆ ಯಾರೂ ನಂಬುವುದಿಲ್ಲ. ತಮ್ಮನಿಗೆ, ಹೆಂಡತಿಗೆ ಪಗಾರ ಕೊಡಬಹುದು. ಅವರು ನಿಜವಾಗಿ ಕೆಲಸ ಮಾಡಿರಬೇಕು, ಅದೇ ಕೆಲಸಕ್ಕೆ ಹೊರಗಿನವರಿಗೆ ಕೊಡುವಷ್ಟೇ ಇರಬೇಕು.

ಎಲ್‌ಇಡಿ ವಾಲ್, ಜನರೇಟರ್, ಕ್ಯಾಮೆರಾದಂಥವನ್ನು ಕೊಂಡ ವರ್ಷವೇ ಪೂರ್ತಿ ಖರ್ಚು ಹಾಕುವಂತಿಲ್ಲ. ವರ್ಷಕ್ಕೆ 15 ಪರ್ಸೆಂಟ್ ಸವಕಳಿ, ಲ್ಯಾಪ್‌ಟಾಪ್‌ಗೆ 40. ಆ ವರ್ಷ 180 ದಿನಕ್ಕಿಂತ ಕಮ್ಮಿ ಬಳಸಿದ್ದರೆ ಅದರಲ್ಲೂ ಅರ್ಧ. ನಮ್ಮಲ್ಲಿ ಎಲ್ಲರೂ ಸೀಜನ್ ನೋಡಿ ತುಳಸಿ ಲಗ್ನದ ಹೊತ್ತಿಗೆ ಸಾಮಾನು ಕೊಳ್ಳುತ್ತಾರೆ. ನವೆಂಬರ್‌ನಲ್ಲಿ 4 ಲಕ್ಷದ ಎಲ್‌ಇಡಿ ವಾಲ್ ತಂದರೆ ಆ ವರ್ಷ ಕಳೆಯುವುದು 30 ಸಾವಿರ. ಸೆಪ್ಟೆಂಬರ್‌ನಲ್ಲೇ ತಂದು ಗಣಪತಿ ಹಬ್ಬದ ಕೆಲಸಕ್ಕೆ ಹಚ್ಚಿದ್ದರೆ 60 ಸಾವಿರ. ಜಿಎಸ್‌ಟಿ ಕ್ರೆಡಿಟ್ ತಗೊಂಡಿದ್ದರೆ ಆ ತೆರಿಗೆ ಮೊತ್ತವನ್ನು ಮತ್ತೆ ಬೆಲೆಯೊಳಗೆ ಸೇರಿಸಿ ಸವಕಳಿ ಕೇಳಬಾರದು.

ನಗದು ಅನ್ನುವ ಉರುಳು

ಪುಸ್ತಕ ಬರೆಯುವವರು ಒಬ್ಬರಿಗೆ ಒಂದು ದಿನದಲ್ಲಿ 10 ಸಾವಿರ ಮೀರಿ ನಗದು ಕೊಟ್ಟರೆ ಆ ಖರ್ಚು ಪೂರ್ತಿ ಹೋದಂತೆ, ಬರೀ ಮೀರಿದ ಭಾಗವಲ್ಲ. ಒಂದೇ ದಿನ ಮೂರು ಚೀಟಿ ಮಾಡಿಸಿದರೂ ಮೂರನ್ನೂ ಕೂಡಿಸಿಯೇ ನೋಡುತ್ತಾರೆ. ಸರಕು ಸಾಗಿಸುವ ಗಾಡಿಯವರಿಗೆ ಈ ಮಿತಿ 35 ಸಾವಿರ. ಎಲ್‌ಇಡಿ ವಾಲ್‌ನಂಥ ಸಾಮಾನನ್ನು 10 ಸಾವಿರ ಮೀರಿ ನಗದು ಕೊಟ್ಟು ಕೊಂಡರೆ ಆ ಮೊತ್ತಕ್ಕೆ ಸವಕಳಿಯೂ ಸಿಗುವುದಿಲ್ಲ.

ಹೂವಿನ ವಿಷಯದಲ್ಲಿ ಒಂದು ವಿನಾಯಿತಿ ಇದೆ, ಇವೆಂಟ್‌ನವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ತೋಟಗಾರಿಕೆ ಬೆಳೆಯನ್ನು ಬೆಳೆದವರಿಂದಲೇ ನೇರವಾಗಿ ಕೊಂಡರೆ 10 ಸಾವಿರದ ಮಿತಿ ಅನ್ವಯಿಸುವುದಿಲ್ಲ. ಬೆಳಗಿನ ಜಾವ ಕುಂದಗೋಳದ ಕಡೆಯ ರೈತನ ಹೊಲಕ್ಕೇ ಹೋಗಿ 25 ಸಾವಿರದ ಸೇವಂತಿಗೆ, ಚೆಂಡು ಹೂವು ನಗದು ಕೊಟ್ಟು ತಂದರೆ ನಡೆಯುತ್ತದೆ. ಅದೇ ಹೂವನ್ನು ಹುಬ್ಬಳ್ಳಿ ಮಾರ್ಕೆಟ್ಟಿನ ವ್ಯಾಪಾರಿಯಿಂದ ತಂದರೆ ನಡೆಯುವುದಿಲ್ಲ. ರೈತ ಬಿಲ್ ಬುಕ್ ಇಟ್ಟಿರುವುದಿಲ್ಲ. ನೀವೇ ಒಂದು ವೋಚರ್‌ನಲ್ಲಿ ಅವರ ಹೆಸರು, ಊರು, ಫೋನ್ ನಂಬರ್, ಎಷ್ಟು ಕಿಲೋ, ಯಾವ ದರ ಅಂತ ಬರೆದು ಸಹಿ ಹಾಕಿಸಿಕೊಳ್ಳಿ.

ಕೊಡುವುದಕ್ಕಿಂತ ನಗದು ತೆಗೆದುಕೊಳ್ಳುವುದು ಇನ್ನೂ ಅಪಾಯ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯಬಾರದು ಅನ್ನುವ ನಿಯಮ ಎಲ್ಲರಿಗೂ ಗೊತ್ತು. ದಿನಕ್ಕೆ ಅಂತ ಮಾತ್ರ ತಿಳಿದುಕೊಂಡಿರುತ್ತಾರೆ. ಒಂದೇ ಕಾರ್ಯಕ್ರಮ ಅಥವಾ ಸಂದರ್ಭಕ್ಕೆ ಒಬ್ಬರಿಂದ ಬಂದ ಹಣ ಎಲ್ಲ ಸೇರಿ 2 ಲಕ್ಷ ಮುಟ್ಟಬಾರದು ಅಂತಲೂ ಅದೇ ನಿಯಮದಲ್ಲಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿದ ಯಜಮಾನರು ಮಗಳ ಮದುವೆಗೆ ಬುಕ್ಕಿಂಗ್ ದಿನ 80 ಸಾವಿರ, ಅರಿಷಿಣದ ದಿನ 70 ಸಾವಿರ, ಅಕ್ಕಿಕಾಳು ಬಿದ್ದ ಮೇಲೆ 1 ಲಕ್ಷ ನೋಟಿನ ಕಟ್ಟು ಕೈಗಿಟ್ಟರೆ, ಯಾವ ದಿನವೂ 2 ಲಕ್ಷ ಆಗಲಿಲ್ಲ. ಆದರೆ ಮದುವೆ ಒಂದೇ. ಒಟ್ಟು 2.5 ಲಕ್ಷ. ದಂಡ ಪಡೆದಷ್ಟೇ ಮೊತ್ತ, ಅಂದರೆ 2.5 ಲಕ್ಷ. ಅದು ಬೀಳುವುದು ಕೊಟ್ಟ ಯಜಮಾನರ ಮೇಲಲ್ಲ, ತೆಗೆದುಕೊಂಡ ನಿಮ್ಮ ಮೇಲೆ. 44ಎಡಿಯಲ್ಲಿ ಇದ್ದವರಿಗೂ ಇದರಿಂದ ಬಿಡುಗಡೆ ಇಲ್ಲ. ಯಜಮಾನರಿಗೆ ಬೇಜಾರಾದರೂ ಪರವಾಗಿಲ್ಲ, ಚೆಕ್ ಅಥವಾ ಆರ್‌ಟಿಜಿಎಸ್ ಕೇಳಿ.

ಮಾರ್ಚ್ ತಿಂಗಳ ಅಡ್ವಾನ್ಸ್

ಜನವರಿಯಿಂದ ಮಾರ್ಚ್‌ವರೆಗೆ ಏಪ್ರಿಲ್-ಮೇ ಮದುವೆಗಳ ಅಡ್ವಾನ್ಸ್ ಬರುತ್ತಲೇ ಇರುತ್ತದೆ. ಮಾರ್ಚ್ 31ಕ್ಕೆ ಖಾತೆ ತುಂಬಿ ಕಾಣುತ್ತದೆ. ಕೆಲಸ ಮುಗಿದಾಗ ಆದಾಯ ಅಂತ ಹಿಡಿಯುವ ಪದ್ಧತಿ ನಿಮ್ಮದಾಗಿದ್ದರೆ, ಆ ಅಡ್ವಾನ್ಸ್ ಈ ವರ್ಷದ ಆದಾಯ ಅಲ್ಲ, ನೀವು ಪಾರ್ಟಿಗೆ ಕೊಡಬೇಕಾದ ಬಾಕಿ ಕೆಲಸ. ಮೇ ತಿಂಗಳ ಮದುವೆಗೆ ಮಾರ್ಚ್‌ನಲ್ಲಿ ಮಂಟಪದವರಿಗೆ ಕೊಟ್ಟ ಅಡ್ವಾನ್ಸ್ ಸಹ ಈ ವರ್ಷದ ಖರ್ಚಲ್ಲ. ಬಂದ ದಿನವೇ ಆದಾಯ ಅಂತ ಬರೆಯುವ ನಗದು ಪದ್ಧತಿಯವರಿಗೆ ಲೆಕ್ಕ ಬೇರೆ. ಯಾವುದನ್ನು ಹಿಡಿದರೂ ವರ್ಷ ವರ್ಷ ಬದಲಾಯಿಸುತ್ತ ಹೋಗಬೇಡಿ. ಬಂದ ಅಡ್ವಾನ್ಸ್ ಪಕ್ಕ ಮದುವೆ ತಾರೀಖು ಬರೆದಿಟ್ಟರೆ ಸಾಕು, ಆಡಿಟರ್‌ಗೆ ಅರ್ಧ ಕೆಲಸ ಕಮ್ಮಿ.

ಕಂಪನಿ ಕಾರ್ಯಕ್ರಮ ಮಾಡಿಸುವವರು ಟಿಡಿಎಸ್, ಅಂದರೆ ಹಣ ಕೊಡುವವರೇ ಮೊದಲೇ ಮುರಿದುಕೊಳ್ಳುವ ತೆರಿಗೆ, ನೋಡಿಕೊಳ್ಳಬೇಕು. ತಾರಿಹಾಳದ ಒಂದು ಕಾರ್ಖಾನೆಯ ವಾರ್ಷಿಕೋತ್ಸವ ಮಾಡಿಸಿದಿರಿ ಅಂದರೆ, ಗುತ್ತಿಗೆ ಕೆಲಸ ಅಂತ 1 ಪರ್ಸೆಂಟ್ ಮುರಿದು ಕೊಡುತ್ತಾರೆ. ಒಂದು ಬಿಲ್ 30 ಸಾವಿರ ಅಥವಾ ವರ್ಷದ್ದು 1 ಲಕ್ಷ ದಾಟಿದರೆ ಇದು ಶುರು. ಕ್ರೀಡಾಕೂಟಗಳ ಇವೆಂಟ್ ಮ್ಯಾನೇಜರ್‌ಗಳನ್ನು ಮಾತ್ರ ವೃತ್ತಿಯವರ ಪಟ್ಟಿಗೆ ಸೇರಿಸಿರುವುದರಿಂದ ಅಲ್ಲಿ 10 ಪರ್ಸೆಂಟ್. ಮುರಿದದ್ದು ನಿಮ್ಮ ಪ್ಯಾನ್‌ನಲ್ಲಿ ಜಮಾ ಆಗಿದೆಯೋ ಇಲ್ಲವೋ ಇಲಾಖೆಯ ತೆರಿಗೆ ಜಮಾ ಪಟ್ಟಿ 26ಎಎಸ್‌ನಲ್ಲಿ ನೋಡಿ. ತೆರಿಗೆ ಸೊನ್ನೆ ಆದರೆ ಪೂರ್ತಿ ವಾಪಸ್ ಬರುತ್ತದೆ, ರಿಟರ್ನ್ ತುಂಬಿದರೆ ಮಾತ್ರ. ನಿಮ್ಮ ಟರ್ನೋವರ್ ಹಿಂದಿನ ವರ್ಷ 1 ಕೋಟಿ ದಾಟಿದ್ದರೆ ಡೆಕೋರೇಶನ್, ಸೌಂಡ್‌ನವರಿಗೆ ಕೊಡುವಾಗ ನೀವೂ ಮುರಿಯಬೇಕು. ಬಿಟ್ಟರೆ ಆ ಖರ್ಚಿನಲ್ಲಿ 30 ಪರ್ಸೆಂಟ್ ಒಪ್ಪುವುದಿಲ್ಲ. 6 ಲಕ್ಷದ ಪೂರ್ತಿ ಬಿಲ್ ಕೊಡುವವರು 17 ಮದುವೆಗೇ ಕೋಟಿ ದಾಟುತ್ತಾರೆ, ಫೀ ಮಾತ್ರ ತಗೊಳ್ಳುವವರಿಗೆ 67 ಮದುವೆ ಬೇಕು.

ವರ್ಷದ ತೆರಿಗೆ 10 ಸಾವಿರ ಅಥವಾ ಜಾಸ್ತಿ ಆಗುವಂತಿದ್ದರೆ ಮುಂಗಡ ತೆರಿಗೆಯೂ ಇದೆ. 44ಎಡಿಯವರು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು. ಉಳಿದವರಿಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15 ಅಂತ ನಾಲ್ಕು ಕಂತು. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವುದರಿಂದ ವಿಭಾಗಗಳ ನಂಬರ್ ಬದಲಾಗಿವೆ. 44ಎಡಿ ಅನ್ನುವುದು 1961ರ ಕಾಯ್ದೆಯ ನಂಬರು. 2025-26ರ ರಿಟರ್ನ್‌ಗೆ ಹಳೆ ನಂಬರೇ ನಡೆಯುತ್ತದೆ. ಅದರ ಮುಂದಿನ ವರ್ಷದ ಫಾರಂ ತುಂಬುವಾಗ ಆಡಿಟರ್ ಬೇರೆ ನಂಬರ್ ಹೇಳಿದರೆ ಗಾಬರಿಯಾಗಬೇಡಿ.